ಪದಚರ್ಚೆ: ಹಲ್ಲಿನ ವಿನಿಯರ್‌ಗೆ ಕನ್ನಡದಲ್ಲಿ ಏನೆನ್ನೋಣ? (ಶುಕ್ರವಾರದೊಳಗೆ ಬೇಕು)

ಹುಬ್ಬಳ್ಳಿಯಿಂದ, ಬುಧವಾರ ಬೆಳಿಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ, ಸ್ವಲ್ಪ ಅವಸರ. ಇಲ್ಲಿಯ ಒಂದು ಹಲ್ಲಿನ ದವಾಖಾನೆಯವರು ಹೊಸ ಬೋರ್ಡು ಬರೆಸುತ್ತಿದ್ದಾರೆ, ಜೊತೆಗೆ ಒಂದು ಹ್ಯಾಂಡ್‌ಬಿಲ್. ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದ ಮೇಲೆ ಇಂಥ ಕೆಲಸ ನನಗೆ ಜಾಸ್ತಿ ಬರುತ್ತಿದೆ. ಹುಳುಕು ತುಂಬುವುದು, ಬೇರಿನ ಚಿಕಿತ್ಸೆ, ಕ್ಯಾಪ್, ಹಲ್ಲಿನ ಸೆಟ್ಟು, ತಂತಿ ಕಟ್ಟುವುದು, ಎಲ್ಲ ಬರೆದಾಯಿತು. 'ಪೋರ್ಸಲೇನ್ ವಿನಿಯರ್' ಹತ್ತಿರ ಬಂದು ನಿಂತಿದ್ದೇನೆ.

ಮುಂದಿನ ಹಲ್ಲಿನ ಎದುರು ಮೈಗೆ ಮಾತ್ರ ಅಂಟಿಸುವ ತೆಳ್ಳನೆಯ ಪಿಂಗಾಣಿ ಚೂರು ಇದು. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಹಲ್ಲಿನ ಎನಾಮಲ್ಲನ್ನು, ಅಂದರೆ ಹೊರಗಿನ ಗಟ್ಟಿ ಪದರವನ್ನು, ಹೆಚ್ಚುಕಮ್ಮಿ ಅಷ್ಟೇ ಉಜ್ಜಿ ತೆಗೆಯುತ್ತಾರೆ. ಅಚ್ಚು ತೆಗೆದು ಲ್ಯಾಬಿಗೆ ಕಳಿಸಿ, ಮಾಡಿಸಿ ತಂದು ಅಂಟಿಸುತ್ತಾರೆ. ಬಣ್ಣಗೆಟ್ಟ ಹಲ್ಲು, ಮುಕ್ಕಾದ ಹಲ್ಲು, ಸಂದಿ ಬಿಟ್ಟ ಹಲ್ಲು ಚೆಂದ ಕಾಣಲಿ ಅಂತ ಮಾಡಿಸಿಕೊಳ್ಳುವುದು.

ನನ್ನ ಹತ್ತಿರ ಇರುವವು: ಪಿಂಗಾಣಿ ಹೊದಿಕೆ, ಹಲ್ಲುಕವಚ, ದಂತಪದರ, ಹಲ್ಲುಪೊರೆ. ಯಾವುದೂ ಬಾಯಿಗೆ ಹೊಂದುತ್ತಿಲ್ಲ. 'ಲೇಪನ' ಮಾತ್ರ ದಯವಿಟ್ಟು ಯಾರೂ ಹೇಳಬೇಡಿ. ಕಾರಣ ಆಮೇಲೆ ಬರೆಯುತ್ತೇನೆ.

ಧಾರವಾಡದಿಂದ, ಬುಧವಾರ ಮಧ್ಯಾಹ್ನ

ತಂಗೀ, 'ಹಲ್ಲುಕವಚ' ಅರಿಸಮಾಸ, ಕನ್ನಡದ ಮಾತಿಗೆ ಸಂಸ್ಕೃತದ್ದನ್ನು ಕೂಡಿಸಿದ್ದು. ಬಿಡು. 'ದಂತಪದರ'ವೂ ಅದೇ ಜಾತಿಯದು. 'ಹಲ್ಲುಪೊರೆ' ಸರಿ ಇದೆ, ಅಚ್ಚಗನ್ನಡ. ಅದನ್ನೇ ಬರೆ.

ಇನ್ನು 'ಪಿಂಗಾಣಿ'. ಅದರ ಮೊದಲ ಅಕ್ಷರ ನೋಡು. ಪಾಲ್ ಹಾಲಾಯಿತು, ಪಲ್ ಹಲ್ಲಾಯಿತು, ಪೂ ಹೂವಾಯಿತು. ಪಿಂಗಾಣಿ ಹಿಂಗಾಣಿ ಆಗಲಿಲ್ಲ. ಅಂದರೆ ಆ ಬದಲಾವಣೆಯೆಲ್ಲ ಮುಗಿದ ಮೇಲೆ ಹೊರಗಿನಿಂದ ಬಂದ ಮಾತು. ಪಾರ್ಸಿಯಲ್ಲಿ 'ಪಿಂಗಾನ್' ಅಂದರೆ ಬಟ್ಟಲು. ಅರಬ್ಬಿಯ 'ಫಿಂಜಾನ್' ಅದರಿಂದಲೇ ಹುಟ್ಟಿದ್ದು. ತಮಿಳಿನಲ್ಲಿ ಪೀಂಗಾನ್, ಮಲಯಾಳದಲ್ಲಿ ಪಿಞ್ಞಾಣಂ. ಬಟ್ಟಲಿನ ಹೆಸರು ಕಡೆಗೆ ಬಟ್ಟಲಿನ ಮಣ್ಣಿಗೇ ನಿಂತಿತು. 'ಪೋರ್ಸಲೇನ್' ಕಥೆಯೂ ಬೇರೆಯಲ್ಲ. ಇಟಲಿಯವರ 'ಪೊರ್ಚೆಲ್ಲಾನ' ಅಂದರೆ ಕವಡೆ. ಚೀನಾದ ಪಾತ್ರೆಯ ಹೊಳಪು ಕವಡೆಯ ಬೆನ್ನಿನ ಹಾಗೆ ಕಂಡಿತು, ಅದೇ ಹೆಸರಾಯಿತು. ಎರಡೂ ನಮ್ಮವಲ್ಲ. ಹಲ್ಲುಪೊರೆ ಸಾಕು.

ಮತ್ತೆ, 'ಉಜ್ಜಿ ತೆಗೆಯುತ್ತಾರೆ' ಅಂತ ಹ್ಯಾಂಡ್‌ಬಿಲ್ಲಿನಲ್ಲಿ ಹಾಕಬೇಡ. ಹಲ್ಲು ಉಜ್ಜುವುದು ಬೆಳಿಗ್ಗೆ ಎದ್ದು ಎಲ್ಲರೂ ಮಾಡುವ ಕೆಲಸ. ಇದು ತೇಯುವುದು. ಗಂಧ ತೇಯ್ದ ಹಾಗೆ. ತೇಯ್ದದ್ದು ಸವೆಯುತ್ತದೆ.

ಗದಗಿನಿಂದ, ಬುಧವಾರ ಸಂಜೆ

ಮಾಸ್ತರರೇ, 'ತೇಯುವುದು' ಬಹಳ ಚೆನ್ನಾಗಿದೆ. 'ಪೊರೆ' ಮಾತ್ರ ಬೇಡ. ನಮ್ಮ ಊರ ಕಡೆ ಪೊರೆ ಅಂದರೆ ಕಣ್ಣಿನ ಪೊರೆ. ನಮ್ಮ ಅಜ್ಜಿಗೆ ಎರಡೂ ಕಣ್ಣಿಗೆ ಆಪರೇಷನ್ ಆಗಿದೆ. ಜನಕ್ಕೆ ಪೊರೆ ತೆಗೆಸಿ ಗೊತ್ತು, ದುಡ್ಡು ಕೊಟ್ಟು ಹಾಕಿಸಿಕೊಂಡು ಗೊತ್ತಿಲ್ಲ.

ಅಲ್ಲದೆ ನಿಮ್ಮ ನಿಯಮದ ಪ್ರಕಾರ ಪೊರೆಯೂ 'ಹೊರೆ' ಆಗಬೇಕಿತ್ತಲ್ವಾ? ಆಗಲಿಲ್ಲ. ಹಾಗಾದರೆ ಅದೂ ಹೊರಗಿನದೇ?

ಈ ಬೋರ್ಡು ಓದುವವರು ಯಾರು ಅಂತ ಸ್ವಲ್ಪ ನೋಡಿ. ಮುಂಡರಗಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಬೀಳುತ್ತವೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ದವಡೆಯೊಳಗೆ ಎನಾಮಲ್ ಕಟ್ಟುವಾಗಲೇ ಕೂತ ಕಲೆ ಅದು. ನಮ್ಮ ಜೊತೆ ಓದಿದ ಹುಡುಗಿಯರು ಫೋಟೋ ತೆಗೆಯುವಾಗ ತುಟಿ ಮುಚ್ಚಿಕೊಂಡೇ ನಗುತ್ತಿದ್ದರು. ಹುಬ್ಬಳ್ಳಿಗೆ ಬಸ್ಸು ಹತ್ತಿ ಈ ಬೋರ್ಡಿನ ಕೆಳಗೆ ಬಂದು ನಿಲ್ಲುವವರು ಅವರೇ. ಅವರಿಗೆ ಒಂದೇ ಸಲಕ್ಕೆ ತಿಳಿಯುವ ಮಾತು ಬೇಕು.

ಧಾರವಾಡದಿಂದ, ಬುಧವಾರ ರಾತ್ರಿ

ಪೊರೆ ಹಳಗನ್ನಡದಿಂದ ಇದ್ದ ಮಾತು. ನಿಯಮಕ್ಕೆ ತಪ್ಪಿಸಿಕೊಂಡವು ಕೆಲವು ಇರುತ್ತವೆ. ವಾದಕ್ಕಾಗಿ ವಾದ ಬೇಡ.

ಹಾವೇರಿಯಿಂದ, ಗುರುವಾರ ಬೆಳಿಗ್ಗೆ

'ವಿನಿಯರ್' ಅಂತಲೇ ಬರೆಯಿರಿ. ಕ್ಯಾಪ್, ಸೆಟ್ಟು ಬರೆದಾಗಿದೆ. ಇದೊಂದಕ್ಕೆ ಯಾಕೆ ಮಡಿ?

ಧಾರವಾಡದಿಂದ, ಗುರುವಾರ ಬೆಳಿಗ್ಗೆ

ಎಲ್ಲವನ್ನೂ ಹಾಗೇ ಬರೆಯುವುದಾದರೆ ಈ ಬಳಗ ಯಾಕೆ ಬೇಕು? ಹುಬ್ಬಳ್ಳಿಯಲ್ಲಿ ವಿನಿಯರ್ ಅಂದರೆ ಬಡಗಿಯ ಮಾತು. ಪ್ಲೈವುಡ್ಡಿನ ಮೇಲೆ ಅಂಟಿಸುವ ಸಾಗವಾನಿ ಹಾಳೆ. ಇಂಗ್ಲಿಷಿನವರು ಆ ಮಾತನ್ನು ಜರ್ಮನರಿಂದ ತಂದರು, ಜರ್ಮನರು ಫ್ರೆಂಚರಿಂದ. ಮೂಲದಲ್ಲಿ 'ಒದಗಿಸು' ಅಂತ ಅರ್ಥ. ಅವರು ತಮ್ಮ ಬಡಗಿಯ ಮಾತನ್ನು ಹಲ್ಲಿಗೆ ತಂದುಕೊಂಡರು. ನಾವು ನಮ್ಮ ಯಾರ ಮಾತನ್ನೂ ತರಬಾರದೋ?

ಹಾವೇರಿಯಿಂದ, ಗುರುವಾರ ಬೆಳಿಗ್ಗೆ

ತನ್ನಿ ಸರ್, ಬೇಡ ಅಂದವರು ಯಾರು? ಆದರೆ ನಿಮ್ಮ ಜರಡಿಯ ಕಣ್ಣು ಬಹಳ ಸಣ್ಣದು. ಪಿಂಗಾಣಿ ಪಾರ್ಸಿ ಅಂತ ಬೇಡ ಅಂದಿರಿ. ದವಾಖಾನೆಯೂ ಪಾರ್ಸಿಯೇ. ನಮ್ಮ ಕಡೆ ಯಾರ ಬಾಯಲ್ಲಿ ಅದು ಇಲ್ಲ? ಬೆಂಗಳೂರಿನವರು 'ಆಸ್ಪತ್ರೆ' ಅನ್ನುತ್ತಾರೆ, ಅದೂ ಸಮುದ್ರದಾಚೆಯದೇ. ಕುರ್ಚಿ ಅರಬ್ಬಿ. ನಾವು 1956ರ ತನಕ ಮುಂಬಯಿ ಸೀಮೆಯಲ್ಲಿದ್ದವರು. ನಮ್ಮ ಕಚೇರಿಯ ಕನ್ನಡ, ಸಂತೆಯ ಕನ್ನಡ, ಎರಡರಲ್ಲೂ ಮರಾಠಿ ಬೆರೆತಿದೆ. ಅದನ್ನೆಲ್ಲ ಆರಿಸಿ ತೆಗೆದರೆ ನಮ್ಮ ಮನೆಯ ಮಾತೇ ಉಳಿಯುವುದಿಲ್ಲ.

ಧಾರವಾಡದಿಂದ, ಗುರುವಾರ ಮಧ್ಯಾಹ್ನ

ಬೆರೆತದ್ದು ಬೆರೆತಿದೆ. ಅದನ್ನು ತೆಗೆಯಿರಿ ಅಂತ ನಾನು ಹೇಳಲಿಲ್ಲ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೂ ಹಿಂದಿನ ಕವಿಗಳ ಬಳಕೆಯಲ್ಲಿ ಬಂದ ಅರಿಸಮಾಸವನ್ನು ಒಪ್ಪಿಕೊಂಡ. ಹೊಸದಾಗಿ ಕಟ್ಟುವಾಗಲಾದರೂ ಕನ್ನಡದಲ್ಲಿ ಕಟ್ಟೋಣ ಅನ್ನುವುದು ನನ್ನ ಮಾತು. ನಲವತ್ತು ವರ್ಷ ಇದನ್ನೇ ಕಲಿಸಿದ್ದೇನೆ.

ಹುಬ್ಬಳ್ಳಿಯಿಂದ, ಗುರುವಾರ ಮಧ್ಯಾಹ್ನ

ಇಬ್ಬರಿಗೂ ಕೈ ಮುಗಿಯುತ್ತೇನೆ, ಈ ಜಗಳ ಶನಿವಾರಕ್ಕೆ ಇಟ್ಟುಕೊಳ್ಳಿ. 'ಲೇಪನ' ಯಾಕೆ ಬೇಡ ಅಂದೆನೋ ಅದನ್ನು ಹೇಳಿಬಿಡುತ್ತೇನೆ.

ನಮ್ಮ ಅಕ್ಕನ ಮಗಳ ಮದುವೆಗೆ ಎರಡು ತಿಂಗಳು ಇತ್ತು. ಮುಂದಿನ ಎರಡು ಹಲ್ಲಿನ ಮೇಲೆ ಕಲೆ. ಒಂದು ಹ್ಯಾಂಡ್‌ಬಿಲ್ ತಂದು ತೋರಿಸಿದಳು: 'ಹಲ್ಲಿಗೆ ಪಿಂಗಾಣಿ ಲೇಪನ'. ನಾನೇ ಓದಿದೆ. ಉಗುರಿಗೆ ಬಣ್ಣ ಹಚ್ಚಿದ ಹಾಗೆ ಏನೋ ಹಚ್ಚುತ್ತಾರೆ, ಬೇಡವಾದರೆ ತೆಗೆಸಬಹುದು ಅಂದುಕೊಂಡೆವು. ಹೋಗಿ ಬಾ ಅಂದೆ. ಮಷೀನು 'ಗುಂಯ್' ಅಂದು ಹಲ್ಲು ತೇಯತೊಡಗಿದಾಗ ಅವಳಿಗೆ ಗೊತ್ತಾಗಿದ್ದು, ಇದು ಹಚ್ಚುವುದಲ್ಲ ಅಂತ. ಕೈ ಎತ್ತಿ ನಿಲ್ಲಿಸುವ ಹೊತ್ತಿಗೆ ಎರಡೂ ಹಲ್ಲು ತೇಯ್ದಾಗಿತ್ತು. ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಆ ಎರಡು ಹಲ್ಲಿನ ಮೇಲೆ ಇನ್ನು ಜೀವನಪೂರ್ತಿ ಒಂದಲ್ಲ ಒಂದು ಇರಲೇಬೇಕು. ಪಿಂಗಾಣಿಯದು ಸಾಮಾನ್ಯವಾಗಿ 10–15 ವರ್ಷ ಬರುತ್ತದೆ, ಆಮೇಲೆ ಮತ್ತೆ ಖರ್ಚು. ಹಲ್ಲು ಈಗ ಚೆಂದ ಕಾಣುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅವಳಿಗೆ ಇಪ್ಪತ್ತಮೂರು ವರ್ಷ. ತಿಳಿದು ಒಪ್ಪುವುದು ಬೇರೆ, ಕುರ್ಚಿಯ ಮೇಲೆ ಬಾಯಿ ತೆರೆದಾಗ ತಿಳಿಯುವುದು ಬೇರೆ. ಒಂದು ತಪ್ಪು ಪದದಿಂದ ಆದದ್ದು ಇದು.

'ಹೊದಿಕೆ'ಯೂ ಅದಕ್ಕೇ ನನಗೆ ಒಗ್ಗುತ್ತಿಲ್ಲ. ಹೊದ್ದದ್ದನ್ನು ತೆಗೆಯಬಹುದು. ಮೇಲಾಗಿ ಸುತ್ತಲೂ ಮುಚ್ಚುವುದು ಕ್ಯಾಪ್. ಅದಕ್ಕೆ ಹಲ್ಲನ್ನು ಎಲ್ಲ ಕಡೆಯಿಂದ ತೇಯುತ್ತಾರೆ. ಇದು ಎದುರು ಮೈಗೆ ಮಾತ್ರ. ಈ ವ್ಯತ್ಯಾಸ ಪದದಲ್ಲೇ ಕಾಣಬೇಕು.

ಹಾವೇರಿಯಿಂದ (ಇನ್ನೊಬ್ಬರು), ಗುರುವಾರ ರಾತ್ರಿ

ಅಕ್ಕಾ, ನಾನು ಈ ಬಳಗದಲ್ಲಿ ಸುಮ್ನೆ ಓದಿಕೊಂಡು ಇರುವವನು. ಡೆಂಟಲ್ ಲ್ಯಾಬಿನಲ್ಲಿ ಕೆಲಸ, ನೀವು ಹೇಳುವ ಚೂರುಗಳನ್ನು ದಿನಾ ಮಾಡುತ್ತೇನೆ. ಅದಕ್ಕೇ ಬರೆಯುವ ಧೈರ್ಯ ಮಾಡಿದೆ.

ನಾವು ಅದಕ್ಕೆ 'ಪೀಸ್' ಅನ್ನುತ್ತೇವೆ, ಅಷ್ಟೇ. ಆದರೆ ಕೈಯಲ್ಲಿ ಹಿಡಿದು ನೋಡಿದರೆ ಬೇರೆಯೇ ಅನಿಸುತ್ತದೆ. ಚಿಮಟಿಗೆಯಲ್ಲಿ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರೆ ಬೆಳಕು ಒಳಗಿಂದ ಹಾಯ್ದು ಬರುತ್ತದೆ. ಹಿಂದೆ ಬೆರಳಿಟ್ಟರೆ ಬೆರಳಿನ ನೆರಳು ಕಾಣುತ್ತದೆ. ಹೊರಮೈ ಹೊಳೆಯುತ್ತದೆ. ಒಳಮೈಗೆ ಆಸಿಡ್ ಹಾಕಿ ಮಂಕು ಮಾಡಿರುತ್ತಾರೆ, ಅಂಟು ಅಲ್ಲಿ ಕಚ್ಚಿಕೊಳ್ಳಲಿ ಅಂತ. ನಡುವೆ ಸ್ವಲ್ಪ ಉಬ್ಬು, ಅಂಚಿಗೆ ಬರುತ್ತಾ ತೆಳು. ಬರಿ ಚೂರನ್ನು ಬೆರಳಲ್ಲಿ ಒತ್ತಿದರೆ ಪಟ್ ಅಂತ ಮುರಿಯುತ್ತದೆ. ಹಲ್ಲಿಗೆ ಕೂತ ಮೇಲೆ ಗಟ್ಟಿ. ಹಲ್ಲು ಕಡಿಯುವ ಚಾಳಿ ಇದ್ದವರಿಗೆ ಮಾತ್ರ ಬಾಳಿಕೆ ಕಡಿಮೆ.

ಒಂದು ದಿನ ನಮ್ಮ ಅವ್ವ ಲ್ಯಾಬಿಗೆ ಊಟದ ಡಬ್ಬಿ ತಂದಿದ್ದಳು. ಕರಿ ಬಟ್ಟೆಯ ಮೇಲೆ ಆರು ಚೂರು ಸಾಲಾಗಿ ಇಟ್ಟಿದ್ದೆ. ನೋಡಿ, 'ಇದೇನೋ, ಮಲ್ಲಿಗಿ ಪಕಳಿ ಇದ್ದಂಗ ಅದಾವಲ್ಲ' ಅಂದಳು. ಅವತ್ತಿನಿಂದ ನನ್ನ ತಲೆಯಲ್ಲಿ ಅದು ಪಕಳೆಯೇ. ಪಿಂಗಾಣಿ ಪಕಳೆ ಅಂದರೆ ಆಗುತ್ತದಾ?

ಧಾರವಾಡದಿಂದ, ಶುಕ್ರವಾರ ಬೆಳಿಗ್ಗೆ

ಪಕಳೆ ಮರಾಠಿಯ 'ಪಾಕಳೀ'. ಕನ್ನಡದಲ್ಲಿ ಎಸಳು ಇದೆ.

ಗದಗಿನಿಂದ, ಶುಕ್ರವಾರ ಬೆಳಿಗ್ಗೆ

ಎಸಳು ಅಂದರೆ ಮೊದಲು ಬೆಳ್ಳುಳ್ಳಿ ಎಸಳು ಕಣ್ಣ ಮುಂದೆ ಬರುತ್ತದೆ ಸರ್. ಬಾಯಿಯ ವಿಷಯಕ್ಕೆ ಬೆಳ್ಳುಳ್ಳಿ ಬೇಡ. ಧಾರವಾಡದ ಮಾರ್ಕೆಟ್ಟಿನಲ್ಲಿ ಗುಲಾಬಿ ಮಾರುವವರನ್ನು ಕೇಳಿ ನೋಡಿ, ಪಕಳೆ ಅನ್ನುತ್ತಾರೋ ಎಸಳು ಅನ್ನುತ್ತಾರೋ. ನನಗಂತೂ ಪಕಳೆ ಬಹಳ ಇಷ್ಟವಾಯಿತು. ಒಂದೇ ಬದಿ ಇರುತ್ತದೆ, ತೆಳ್ಳಗಿರುತ್ತದೆ, ಬೇರೆ ಕಡೆ ಮಾಡಿ ತಂದು ಕೂಡ್ರಿಸುವ ಚೂರು ಅಂತ ತಿಳಿಯುತ್ತದೆ. ಬಣ್ಣ ಅಂತ ಯಾರೂ ತಪ್ಪು ತಿಳಿಯುವುದಿಲ್ಲ.

ಹುಬ್ಬಳ್ಳಿಯಿಂದ, ಶುಕ್ರವಾರ ಮಧ್ಯಾಹ್ನ

ಪಕಳೆಯೇ ಇರಲಿ. ತಮ್ಮಾ, ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ.

ಬೋರ್ಡಿನ ಮೇಲೆ ದೊಡ್ಡದಾಗಿ 'ಹಲ್ಲಿಗೆ ಪಿಂಗಾಣಿ ಪಕಳೆ', ಕೆಳಗೆ ಸಣ್ಣದಾಗಿ 'ವಿನಿಯರ್'. ಡಾಕ್ಟರ ಬಾಯಲ್ಲಿ ಆ ಮಾತು ಕೇಳಿ ಬಂದವರೂ ಹುಡುಕುತ್ತಾರಲ್ವಾ, ಅದಕ್ಕೆ.

ಹ್ಯಾಂಡ್‌ಬಿಲ್ಲಿಗೆ ಹೀಗೆ ಬರೆದೆ: 'ಮುಂದಿನ ಹಲ್ಲಿನ ಎದುರು ಮೈಯನ್ನು ತೆಳುವಾಗಿ ತೇಯ್ದು, ಅದರ ಅಳತೆಗೆ ಮಾಡಿಸಿದ ಪಿಂಗಾಣಿ ಪಕಳೆಯನ್ನು ಅಂಟಿಸಿ ಕೂಡ್ರಿಸುತ್ತೇವೆ. ತೇಯ್ದ ಭಾಗ ಮತ್ತೆ ಬೆಳೆಯುವುದಿಲ್ಲ. ಕೂಡ್ರಿಸಿದ ಮೇಲೆ ಪಕಳೆಯ ಬಣ್ಣ ಬದಲಿಸಲು ಬರುವುದಿಲ್ಲ. ಮೊದಲೇ ಕೇಳಿ, ಯೋಚಿಸಿ ಒಪ್ಪಿಕೊಳ್ಳಿ.' ಡಾಕ್ಟರು ಓದಿ, ಮೂರನೇ ಸಾಲಿಗೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಇರಲಿ ಅಂದರು. ಮಾಸ್ತರರೇ, 'ತೇಯ್ದು' ನಿಮ್ಮದು. ಇಡೀ ಹ್ಯಾಂಡ್‌ಬಿಲ್ಲಿನಲ್ಲಿ ಜಾಸ್ತಿ ಕೆಲಸ ಮಾಡುವ ಮಾತು ಅದೇ.

ಹಾವೇರಿಯಿಂದ (ಲ್ಯಾಬಿನವರು), ಶುಕ್ರವಾರ ರಾತ್ರಿ

ಒಂದು ಬಿಟ್ಟುಹೋಯಿತು ಅಕ್ಕಾ. ಲ್ಯಾಬಿಗೆ ಕಳಿಸದೆ, ಕಾಂಪೊಸಿಟ್ ಅನ್ನುವ ಮೆತ್ತನೆಯ ವಸ್ತುವನ್ನು ಕುರ್ಚಿಯಲ್ಲೇ ಹಲ್ಲಿನ ಮೇಲೆ ಇಟ್ಟು, ತಿದ್ದಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುವುದೂ ಇದೆ. ಖರ್ಚು ಕಡಿಮೆ, ಬಾಳಿಕೆಯೂ ಕಡಿಮೆ. ಅದನ್ನೂ ವಿನಿಯರ್ ಅಂತಲೇ ಕರೆಯುತ್ತಾರೆ. ಅದಕ್ಕೆ ಲೇಪನ ಅನ್ನಬಹುದಾ?

ಧಾರವಾಡದಿಂದ, ಶುಕ್ರವಾರ ರಾತ್ರಿ

ಬೇಡ. ಗೋಡೆಗೆ ಮಣ್ಣು ಮೆತ್ತುತ್ತೇವಲ್ಲ, ಅದೇ ಕೆಲಸ ಇದು. ಅದು ಕೂಡ್ರಿಸಿದ ಪಕಳೆ, ಇದು ಮೆತ್ತಿದ ಪಕಳೆ.