"ಕ್ಯಾ ಹುವಾ?" ಅಂದ್ರೆ ಸಾಕಾ? ಹಿಂದಿ ಊರಲ್ಲಿ ಇದ್ದವರು ಹೇಳಿ

ತುಂಗಾತೀರ:
ಮುಂದಿನ ತಿಂಗಳು ಲಖನೌದಲ್ಲಿ ನರ್ಸ್ ಕೆಲಸಕ್ಕೆ ಸೇರ್ತಿದ್ದೀನಿ, ಹೆರಿಗೆ ವಾರ್ಡು. ಶಾಲೇಲಿ ಮೂರನೇ ಭಾಷೆಯಾಗಿ ಹಿಂದಿ ಓದಿದ್ದು ಅಷ್ಟೇ, ಓದೋಕೆ ಬರತ್ತೆ, ಬಾಯಿ ತಿರುಗಲ್ಲ. ಯಾರಾದ್ರೂ ಮುಖ ಸಣ್ಣ ಮಾಡ್ಕೊಂಡು ಕೂತಿದ್ರೆ ನಾವು "ಏನಾಯ್ತು?" ಅಂತೀವಲ್ಲ, ಅದಕ್ಕೆ "ಕ್ಯಾ ಹುವಾ?" ಅಂದ್ರೆ ಸಾಕಾ? ದೊಡ್ಡವರಿಗೂ ಅದೇನಾ? ಒರಟಾಗಿ ಕೇಳ್ಸತ್ತಾ?

ಬೀದರ್‌ಕೋಟೆ:
ಸಾಕ್ರೀ. ಇದಕ್ಕಿಂತ ಸುರಕ್ಷಿತ ಮಾತು ಹಿಂದ್ಯಾಗ ಇನ್ನೊಂದಿಲ್ಲ. ನಮ್ಮ "ಏನಾತು" ಇದ್ದಂಗನ ಅದು. ಕ್ಯಾ ಅಂದ್ರ ಏನು, ಹುವಾ ಅಂದ್ರ ಆತು. ಇದರ ದೊಡ್ಡ ಅನುಕೂಲ ಅಂದ್ರ ತೂ, ತುಮ್, ಆಪ್ ಮೂರರಾಗ ಯಾವ್ದೂ ಇದ್ರೊಳಗ ಬರಂಗಿಲ್ಲ. ನಮ್ಮಲ್ಲಿ ನೀನು, ನೀವು ಎರಡ. ಅಲ್ಲಿ ಮೂರು, ಹೊಸಬರು ಮುಗ್ಗರಸೋದು ಅಲ್ಲೇ. ಬರೇ "ಕ್ಯಾ ಹುವಾ" ಅಂದ್ರ ಎದುರಿಗೆ ಎಂಟು ವರ್ಷದ ಹುಡುಗ ಇರ್ಲಿ, ಎಂಬತ್ತರ ಮುದುಕಿ ಇರ್ಲಿ, ಕ್ರಿಯಾಪದ ಬದಲಾಗಂಗಿಲ್ಲ. ಗೌರವ ಬೇಕಂದ್ರ ಹಿಂದ ಒಂದು ಕರೆಯೋ ಮಾತು ಹಚ್ಚಿರಿ: "ಕ್ಯಾ ಹುವಾ, ಅಮ್ಮಾ?", "ಕ್ಯಾ ಹುವಾ, ಬಾಬೂಜೀ?", ಅಕ್ಕನ ವಯಸ್ಸಿನ ಹೆಣ್ಣುಮಗಳಾದ್ರ "ದೀದೀ".

ಕೆಡೋದು ಯಾರಿಗೆ ಅಂತ ಸೇರಸೋವಾಗ. "ಆಪ್ ಕ್ಯಾ ಹುವಾ" ಅಂತಾರ ನಮ್ಮವರು. ತಪ್ಪು. ನಾವು "ನೀವು ಏನಾತು" ಅಂತೀವೇನ್ರಿ? "ನಿಮಗೇನಾತು" ಅಂತೀವಿ. ಆ "ಗೆ" ಇದ್ದಲ್ಲಿ ಅವರದು "ಕೋ": ಆಪ್‌ಕೋ ಕ್ಯಾ ಹುವಾ. ತುಮ್ ಅನ್ನೋದು ತುಮ್ಹೇಂ ಆಗ್ತದ, ತೂ ಅನ್ನೋದು ತುಝೇ. "ಆಪ್ ಕ್ಯಾ ಹುಯೇ" ಅಂದ್ರ "ನೀವು ಏನಾದ್ರಿ" ಅಂದಂಗ, ಅರ್ಥನ ಬ್ಯಾರೆ.

ಇನ್ನ "ಕೋ" ಮತ್ತ "ಕಾ". "ಗಾಡೀ ಕೋ ಕ್ಯಾ ಹುವಾ" ಅಂದ್ರ ಗಾಡಿಗೆ ಏನು ಕೆಟ್ಟದ. "ಗಾಡೀ ಕಾ ಕ್ಯಾ ಹುವಾ" ಅಂದ್ರ ಗಾಡಿ ವಿಷಯ ಎಲ್ಲಿಗೆ ಬಂತು, ತಗೊಂಡ್ರೋ ಇಲ್ಲೋ. ಹಂಗಾಗಿ "ರಿಪೋರ್ಟ್ ಕಾ ಕ್ಯಾ ಹುವಾ" ಸರಿ. "ಬಚ್ಚೇ ಕಾ ಕ್ಯಾ ಹುವಾ" ಅಂದ್ರ ಮಗುವಿನ ಗತಿ ಏನಾತು ಅಂದಂಗ ಕೇಳಸ್ತದ, ತಾಯಿ ಎದಿ ಒಡೀತದ. ಅಲ್ಲಿ "ಬಚ್ಚೇ ಕೋ" ಅನ್ಬೇಕು.

ಹಲಸಿನಮರ:
ಇಷ್ಟು ಖಾತ್ರಿಯಿಂದ ಸುರಕ್ಷಿತ ಅನ್ನಬೇಡಿ. "ಕ್ಯಾ ಹುವಾ" ಅಂದ ಕೂಡಲೇ ಏನೋ ಆಗಿದೆ ಅಂತ ನೀವೇ ತೀರ್ಮಾನ ಮಾಡಿದ ಹಾಗೆ. ಎದುರಿನವರು ಈಗ ಹೇಳಲೇಬೇಕು, ಇಲ್ಲದಿದ್ದರೆ ಸುಳ್ಳು ಹೇಳಬೇಕು. ನನ್ನ ಆಯ್ಕೆ "ಸಬ್ ಠೀಕ್ ತೋ ಹೈ ನಾ?" ಮಾತ್ರ, ಎಲ್ಲ ಸರಿ ಇದೆ ಅಲ್ವಾ ಅಂತ. ಇದರಲ್ಲಿ ಪ್ರತಿ ತುಂಡಿಗೂ ಕೆಲಸ ಇದೆ. "ಸಬ್ ಠೀಕ್ ಹೈ?" ಬರೀ ವಿಚಾರಣೆ, ಮೇಲಧಿಕಾರಿ ಕೆಲಸದ ಬಗ್ಗೆಯೂ ಹಾಗೆ ಕೇಳ್ತಾರೆ. ನಡುವೆ "ತೋ" ಬಂದರೆ ಕೇಳುವವರ ಆತಂಕ ಕಾಣ್ತದೆ. ಕೊನೆಗೆ "ನಾ" ಅಂದರೆ ನಮ್ಮ "ಅಲ್ವಾ". ಹೇಳಲು ಇಷ್ಟ ಇಲ್ಲದವರು "ಹಾಂ" ಅಂದು ಮರ್ಯಾದೆಯಿಂದ ತಪ್ಪಿಸಿಕೊಳ್ಳಬಹುದು.

ಈ "ತೋ" ಜಾಗ ಬದಲಾದರೆ ಅನಾಹುತ. ನಾವು "ಹಾಗಾದ್ರೆ ಏನಾಯ್ತು?" ಅನ್ನುವುದನ್ನು ಹಾಗೇ ಹಿಂದಿಗೆ ತಿರುಗಿಸಿದರೆ "ತೋ ಕ್ಯಾ ಹುವಾ?" ಆಗ್ತದೆ. ಅದರ ಅರ್ಥ "ಅದಕ್ಕೇನೀಗ?" ಅಳುತ್ತಾ ಕೂತವರಿಗೆ ಹಾಗಂದರೆ ಜಗಳವೇ. ಮುಂದೇನಾಯ್ತು ಅಂತ ಕೇಳಬೇಕಿದ್ದರೆ "ಫಿರ್ ಕ್ಯಾ ಹುವಾ?" ಅನ್ನಿ. ಹಾಗೆಯೇ "ತುಮ್ಹೇಂ ಕ್ಯಾ ಹೋ ಗಯಾ ಹೈ?" ಕನಿಕರದ ಮಾತಲ್ಲ. ನಮ್ಮ "ನಿನಗೇನಾಗಿದೆ?" ಅನ್ನುವ ಗದರಿಕೆ ಅದು, ನಡತೆ ಕೆಟ್ಟಾಗ ಹೇಳುವುದು.

ಬೀದರ್‌ಕೋಟೆ:
ಹಲಸಿನಮರ ಅವರೇ, "ಸಬ್ ಠೀಕ್" ಅಂತ ಕೇಳಿದ್ರ ನೂರಕ್ಕ ನೂರು ಮಂದಿ "ಹಾಂ" ಅಂದು ಸುಮ್ಮನಾಗ್ತಾರ. ವಾರ್ಡಿನಾಗ ನೋವು ಮುಚ್ಚಿಟ್ಕೊಂಡ್ರ ಜೀವಕ್ಕ ಕುತ್ತು. ತಪ್ಪಿಸಿಕೊಳ್ಳೋ ದಾರಿ ಕೊಡೋದು ಮರ್ಯಾದಿ ಅಂತೀರಿ, ನಾನು ಅದನ್ನ ಅಸಡ್ಡಿ ಅಂತೀನಿ.

ಪ್ರವೀಣ್‌ವರೆಗೆ:
ಇಬ್ಬರೂ ಅರ್ಧ ಸರಿ. 1918ರಲ್ಲಿ ಶುರುವಾದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಪ್ರಾಥಮಿಕ್, ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ, ವಿಶಾರದ್, ಪ್ರವೀಣ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವರಿಗೆ ಗೊತ್ತಿರುತ್ತದೆ, ವಿಚಾರಿಸುವ ಸಭ್ಯ ಮಾತು "ಕ್ಯಾ ಬಾತ್ ಹೈ?" ಎಂದು. ಬಾತ್ ಅಂದರೆ ಮಾತು, ವಿಷಯ; ಅದು ಸ್ತ್ರೀಲಿಂಗ. ಆದ್ದರಿಂದ ಭೂತಕಾಲದಲ್ಲಿ "ಕ್ಯಾ ಬಾತ್ ಹುಈ?", ಹುವಾ ಅಲ್ಲ. ಒಂಟಿ "ಕ್ಯಾ" ಪುಲ್ಲಿಂಗ, ಅದಕ್ಕೇ "ಕ್ಯಾ ಹುವಾ". ಕನ್ನಡದಲ್ಲಿ ವಸ್ತುವಿಗೆ ಲಿಂಗದ ಗೊಡವೆ ಇಲ್ಲದ ಕಾರಣ ನಮ್ಮವರು "ಕ್ಯಾ ಬಾತ್ ಹುವಾ" ಅಂದುಬಿಡುತ್ತಾರೆ. ರಾಷ್ಟ್ರಭಾಷೆಯನ್ನು ಮಾತಾಡುವಾಗ ವ್ಯಾಕರಣ ಶುದ್ಧವಾಗಿರಬೇಕು.

ಕಾವೇರಿಕಣಿವೆ:
"ಕ್ಯಾ ಬಾತ್ ಹೈ" ದಯವಿಟ್ಟು ಬೇಡ. ಅದನ್ನ ಗಾಯಕರ ತಾನಕ್ಕೆ, ಒಳ್ಳೇ ಅಡುಗೆಗೆ "ಭೇಷ್!" ಅನ್ನೋ ಹಾಗೂ ಬಳಸ್ತಾರೆ. "ಬಾತ್" ಅನ್ನೋದನ್ನ ಎತ್ತಿ ಹಿಗ್ಗಿಂದ ಅಂದ್ರೆ ಶಹಬ್ಬಾಸ್, ದನಿ ತಗ್ಗಿಸಿ ನಿಧಾನವಾಗಿ ಅಂದ್ರೆ ವಿಚಾರಣೆ. ಆ ದನಿ ಹಿಡಿತಕ್ಕೆ ಬರೋವರೆಗೆ ಹೊಸಬರು ಮುಟ್ಟಬಾರದು.

ಮತ್ತೆ, ರಾಷ್ಟ್ರಭಾಷಾ ಅನ್ನೋದು ನಿಮ್ಮ ಪರೀಕ್ಷೆ ಹೆಸರು ಸ್ವಾಮಿ, ಸಂವಿಧಾನದಲ್ಲಿ ಆ ಪದವಿ ಯಾವ ಭಾಷೆಗೂ ಕೊಟ್ಟಿಲ್ಲ. 343ನೇ ವಿಧಿ ಹೇಳೋದು ಒಕ್ಕೂಟದ ಆಡಳಿತ ಭಾಷೆ ಅಂತ. ಎಂಟನೇ ಅನುಸೂಚಿಯಲ್ಲಿ 22 ಭಾಷೆಗಳಿವೆ, ಕನ್ನಡವೂ ಅಲ್ಲೇ ಇದೆ.

ಪ್ರವೀಣ್‌ವರೆಗೆ:
ಕೇಳಿದ್ದು ಒಬ್ಬ ನರ್ಸ್ ಹೆಣ್ಣುಮಗಳು. ಇಲ್ಲಿ ಸಂವಿಧಾನದ ಪಾಠ ಯಾಕೆ?

ಕಾವೇರಿಕಣಿವೆ:
ನೀವು ತಪ್ಪು ಹೇಳಿದ್ರಿ ಅಂತ. ಬೆಂಗಳೂರಿಗೆ ಬಂದು ಕೂತವರು ಅಂಗಡಿಯವನಿಗೆ "ಕ್ಯಾ ಹುವಾ ಭಯ್ಯಾ" ಅಂತಲೇ ಹತ್ತು ವರ್ಷ ಕಳೀತಾರೆ, "ಏನಾಯ್ತಣ್ಣ" ಅನ್ನೋಕೆ ಬಾಯಿ ಬರಲ್ಲ. ಈ ತಾಯಿ ಲಖನೌಗೆ ಹೋಗೋಕೆ ಮುಂಚೆಯೇ ಅವರ ಭಾಷೆ ಕಲೀತಿದ್ದಾರೆ. ಇದು ಸರಿಯಾದ ನಡತೆ. ಇದೇ ನಡತೆ ಆ ಕಡೆಯಿಂದಲೂ ಬರ್ಲಿ ಅಂತ ಕೇಳೋದು ತಪ್ಪಾ?

ಬಾಣಂತಿಕೋಣೆ:
ಯಾರೂ ಹೆರಿಗೆ ವಾರ್ಡು ಅನ್ನೋದನ್ನ ಓದಿಲ್ಲ! ಆ ಬಾಗಿಲಲ್ಲಿ "ಕ್ಯಾ ಹುವಾ?" ಅನ್ನೋದಕ್ಕೆ ಒಂದೇ ಅರ್ಥ: ಗಂಡೋ ಹೆಣ್ಣೋ. ಹೋನಾ ಅಂದ್ರೆ ಆಗೋದು, ಹುಟ್ಟೋದೂ ಅದೇ. "ಲಡ್ಕಾ ಹುವಾ", "ಲಡ್ಕೀ ಹುಈ". ನಮ್ಮಲ್ಲೂ "ಅವಳಿಗೆ ಏನಾಯ್ತು?" ಅಂದ್ರೆ ಹಾಗೇ ತಾನೆ. ಹೆತ್ತು ಮಲಗಿದವರು ಅಳ್ತಿದ್ದಾಗ ಹೋಗಿ "ಕ್ಯಾ ಹುವಾ" ಅಂದ್ರೆ ಅವರು "ಲಡ್ಕೀ" ಅಂತ ಉತ್ತರ ಕೊಟ್ಟು ಮುಖ ತಿರುಗಿಸ್ತಾರೆ, ನಿಮ್ಮ ಪ್ರಶ್ನೆ ಅಲ್ಲಿಗೇ ಸತ್ತುಹೋಯ್ತು. ಮನೆಯವರ ಹತ್ರ "ಜಚ್ಚಾ-ಬಚ್ಚಾ ಠೀಕ್ ಹೈಂ?" ಅನ್ನಬೇಕು; ಜಚ್ಚಾ ಅಂದ್ರೆ ಬಾಣಂತಿ. ಬಾಣಂತಿ ಹತ್ರ "ಕಹೀಂ ದರ್ದ್ ಹೋ ರಹಾ ಹೈ?", ಅಂದ್ರೆ ಎಲ್ಲಾದ್ರೂ ನೋಯ್ತಿದೆಯಾ. ಆಮೇಲೆ "ಕಬ್ ಸೇ?", ಯಾವಾಗಿಂದ ಅಂತ. ಅಷ್ಟು ಕೇಳಿದ ಮೇಲೂ ಅಳು ನಿಲ್ಲದಿದ್ರೆ ನೋವು ಮೈದಲ್ಲ ಅಂತ ತಿಳ್ಕೊಳ್ಳಿ, "ಕೋಈ ಪರೇಶಾನೀ ಹೈ?" ಅನ್ನಿ, ಏನಾದ್ರೂ ತೊಂದರೆ ಇದೆಯಾ ಅಂತ.

"ಪರೇಶಾನೀ" ಬದಲು "ದಿಕ್ಕತ್" ಬೇಡ. ಅರ್ಥ ಸರಿ ಇದ್ರೂ "ಕ್ಯಾ ದಿಕ್ಕತ್ ಹೈ?" ಅನ್ನೋದು ಸ್ವಲ್ಪ ಚುರುಕಾದ್ರೂ "ಏನ್ ನಿನ್ ಸಮಸ್ಯೆ?" ಅನ್ನೋ ಜಗಳದ ದನಿಗೆ ಇಳಿಯತ್ತೆ. "ಕ್ಯಾ ಹೋ ರಹಾ ಹೈ?" ಕೂಡ ಹಂಗೇ. ರೋಗಿಗೆ ಮೆತ್ತಗೆ ಅಂದ್ರೆ ಈಗ ಏನನ್ನಿಸ್ತಿದೆ ಅಂತ. ನಾಕು ಜನ ನೆಂಟರ ಗುಂಪಿಗೆ ಜೋರಾಗಿ ಅಂದ್ರೆ "ಏನ್ ನಡೀತಿದೆ ಇಲ್ಲಿ!"

ಇನ್ನೊಂದು ಎಚ್ಚರ. ಹೆರಿಗೆಗೆ ಮುಂಚೆ, ಸ್ಕ್ಯಾನಿಂಗ್ ಕೋಣೆ ಹೊರಗೆ ನಿಮ್ಮನ್ನೇ "ಕ್ಯಾ ಹೈ?" ಅಂತ ಕೇಳ್ತಾರೆ. ಏನು ತೊಂದರೆ ಅನ್ನೋ ಪ್ರಶ್ನೆ ಅಂದ್ಕೊಂಡು ಉತ್ತರ ಕೊಡೋಕೆ ಹೋಗ್ಬೇಡಿ, ಕೇಳ್ತಿರೋದು ಲಿಂಗ. 1994ರ ಕಾನೂನು ಪ್ರಕಾರ ಹೇಳೋದು ಅಪರಾಧ.

ಹಲಸಿನಮರ:
ನೋಡಿ, ನಾನು ಹೇಳಿದ್ದೇ. ಬರೀ "ಕ್ಯಾ ಹುವಾ" ಸಾಲದು.

ಬೀದರ್‌ಕೋಟೆ:
ಹೆರಿಗಿ ಬಾಗಿಲು ಒಂದು ಬಿಡ್ರಿ. ಉಳಿದ ಕಡಿ ನನ್ನ ಮಾತ ಖರೆ.

ಕೊಡಚಾದ್ರಿ:
ಎಲ್ಲರೂ ಅರ್ಥದ ಹಿಂದೆ ಬಿದ್ದಿದ್ದೀರಿ, ಉಚ್ಚಾರ ಯಾರೂ ಹೇಳಲಿಲ್ಲ. ಕನ್ನಡದಲ್ಲಿ "ಕ್ಯಾ" ಅಂತ ಬರೆದಿದ್ದನ್ನು ನಾವು ಕ್ಯಾಮೆರಾ, ಬ್ಯಾಂಕು, ಕ್ಯಾಲೆಂಡರ್ ಓದಿದ ಹಾಗೆ ಓದ್ತೇವೆ, ಬಾಯಿ ಅಗಲಿಸಿ. ಹಿಂದಿಯದ್ದು ಅದಲ್ಲ. ಕ ಒತ್ತಿ ಯಾ ಬಿಡಬೇಕು, "ವಾಕ್ಯಾರ್ಥ" ಅನ್ನುವಾಗಿನ ಕ್ಯಾ. ಆಮೇಲೆ "ಹು" ಹ್ರಸ್ವ. ನಮ್ಮವರು "ಹೂವಾ" ಅಂತ ಎಳೆದು ಮಲ್ಲಿಗೆ ಹೂವು ಮಾಡ್ತಾರೆ. ಎಳೆಯಬೇಕಾದ್ದು ಕೊನೆಯ "ಆ". ಹಕಾರ ನುಂಗುವ ಅಭ್ಯಾಸ ಇದ್ದವರು, "ಆಸನ" "ಹಾಸನ" ಒಂದೇ ಮಾಡುವವರು, ಕನ್ನಡಿ ಮುಂದೆ ಅಂಗೈ ಬಾಯಿಗೆ ಹಿಡಿದು ಹೇಳಿ ನೋಡಿ, ಹ ಅಂದಾಗ ಗಾಳಿ ತಾಗಬೇಕು. "ಠೀಕ್" ಅನ್ನುವಾಗಲೂ ಅಷ್ಟೇ. ಮೆತ್ತಗೆ, ಕೊನೆಯ ಆಕಾರವನ್ನು ಸ್ವಲ್ಪ ಎತ್ತಿ ನಿಲ್ಲಿಸಿದರೆ ಕಾಳಜಿ. "ಕ್ಯಾ" ಮೇಲೆ ಗುದ್ದಿ "ಹುವಾ"ವನ್ನು ಕತ್ತರಿಸಿದರೆ ಪೊಲೀಸ್ ಠಾಣೆ.

ಪ್ರವೀಣ್‌ವರೆಗೆ:
"ಹುವಾ" ಅಂತ ವಕಾರ ಹಾಕಿ ಬರೆಯುವುದೇ ತಪ್ಪು. ಮೂಲದಲ್ಲಿ ವ ಇಲ್ಲ. "ಹುಆ" ಅಂತ ಬರೆಯಬೇಕು.

ಕೊಡಚಾದ್ರಿ:
ಕನ್ನಡದಲ್ಲಿ ಉ ಆದ ಮೇಲೆ ಆ ಬಂದರೆ ವಕಾರಾಗಮ ಆಗ್ತದೆ. ಗುರು, ಅನ್ನು ಸೇರಿ ಗುರುವನ್ನು ಆದ ಹಾಗೆ. ಕನ್ನಡ ಲಿಪಿಯಲ್ಲಿ ಬರೆಯುವಾಗ ಕನ್ನಡದ ನಾಲಿಗೆಗೆ ಬರುವಂತೆ ಬರೆದರೆ ನಿಮಗೇನು ನಷ್ಟ? ಆಕೆ ಲಖನೌದಲ್ಲಿ ಬರೆಯಲು ಹೋಗ್ತಿಲ್ಲ, ಮಾತಾಡಲು ಹೋಗ್ತಿದ್ದಾರೆ.

ಗುಂಬಜ್:
ನಮ್ಮ ವಿಜಯಪುರ, ಕಲಬುರಗಿ ಕಡಿ ಮಂದಿಗೆ ದಖನಿ, ಅಂದ್ರ ಈ ಕಡಿ ಉರ್ದು, ಕೇಳಿ ಕೇಳಿ ಅಭ್ಯಾಸ ಇರ್ತದ. "ತೇರೆಕು ಕ್ಯಾ ಹುವಾ", "ಕೈಕು ರೋ ರೈ" (ಯಾಕ ಅಳಾಕತ್ತಿ). ಇದನ್ನ ಲಖನೌಕ್ಕ ಒಯ್ಯಬ್ಯಾಡ್ರಿ. ಅಲ್ಲಿ "ಕೈಕು" ಅಲ್ಲ "ಕ್ಯೋಂ", ಬ್ಯಾಡ ಅನ್ನೋಕ "ನಕ್ಕೋ" ಅಂದ್ರ ತಿಳಿಯಂಗೇ ಇಲ್ಲ. ಅಲ್ಲಿ ಮಂದಿ ಆಪ್ ಬಿಟ್ಟು ಕೆಳಗ ಇಳಿಯೋದು ಕಮ್ಮಿ, ಮಕ್ಕಳಿಗೂ ಆಪ್ ಅನ್ನೋ ಮನಿ ಅವ. ಹಳೇ ಮಂದಿಗೆ "ಖೈರಿಯತ್ ತೋ ಹೈ?" ಅಂದ್ರ ಖುಷಿ ಪಡ್ತಾರ, ಎಲ್ಲ ಕ್ಷೇಮ ತಾನೆ ಅಂತ.

ಬೀದರ್‌ಕೋಟೆ:
ದಖನಿಯನ್ನ ತಪ್ಪು ಹಿಂದಿ ಅನ್ನೋಹಂಗ ಮಾತಾಡಬ್ಯಾಡ್ರಿ. ಬಹಮನಿ, ಆದಿಲ್‌ಶಾಹಿ ಕಾಲದಿಂದ ಸಾಹಿತ್ಯ ಇರೋ ಭಾಷೆ ಅದು.

ಗುಂಬಜ್:
ತಪ್ಪು ಅಂದಿಲ್ಲ. ಅಲ್ಲಿ ನಡ್ಯಂಗಿಲ್ಲ ಅಂದೆ. ಓದಿ ಮಾತಾಡ್ರಿ. ಮತ್ತ ಹಳ್ಳಿಯಿಂದ ಬರೋರು ಅವಧಿ ಅನ್ನೋ ಭಾಷೆ ಮಾತಾಡ್ತಾರ, "ಕಾ ಭವಾ?" ಅಂತಾರ. ಇನ್ನೂ ಪೂರ್ವದ ಭೋಜಪುರಿಯವರು "ಕಾ ಭಯಿಲ್?" ಇವೆರಡೂ "ಏನಾತು"ನ. ಆಡೋದು ಬ್ಯಾಡ, ಕೇಳಿದಾಗ ತಿಳಿದ್ರ ಸಾಕು. ಹೊಟ್ಟಿ ಕೆಟ್ಟದ ಅನ್ನೋಕ "ಪೇಟ್ ಮೇಂ ಗಡ್‌ಬಡ್ ಹೈ" ಅಂತಾರ. ನಮ್ಮ ಗಡಿಬಿಡಿ ಅಂದ್ಕೊಂಡು ಅವಸರಕ್ಕ ಬಿದ್ದೀರಿ. ಗಡ್‌ಬಡ್ ಅಂದ್ರ ಕೆಟ್ಟದ, ಏರುಪೇರಾಗೇದ.

ತುಂಗಾತೀರ:
ಎಲ್ಲ ಬರ್ಕೊಂಡೆ, ಉಪಕಾರ ಆಯ್ತು. ಇನ್ನೊಂದು ಕೇಳ್ಬೇಕು. "ಕ್ಯಾ ಹುವಾ" ಅಂದಾಗ "ಕುಛ್ ನಹೀಂ" ಅಂದ್ರೆ ಬಿಟ್ಟುಬಿಡೋದಾ? ಮತ್ತೆ, ಮಗು ಉಳೀದೇ ಹೋದವರ ಹತ್ರ ಏನಂತ ಮಾತು ಶುರು ಮಾಡೋದು?

ಹಲಸಿನಮರ:
"ಕುಛ್ ನಹೀಂ" ಅಂದರೆ ಬಿಡಬೇಕು. ಬಲವಂತ ಸಲ್ಲ.

ಬಾಣಂತಿಕೋಣೆ:
ಬಿಡಬೇಡಿ. ಮೊದಲನೇ "ಕುಛ್ ನಹೀಂ" ಬಾಯಿಪಾಠದ್ದು, ನಮ್ಮ "ಏನಿಲ್ಲ ಬಿಡಿ" ಇದ್ದ ಹಾಗೆ. ಒಂದು ಸಲ "ಕುಛ್ ತೋ ಹುವಾ ಹೈ, ಬತಾಇಯೇ ನಾ" ಅನ್ನಿ, ಏನೋ ಆಗಿದೆ, ಹೇಳಿ ಅಂತ. ಬತಾ ಅಂದ್ರೆ ಹೇಳೇ, ಬತಾಓ ಅಂದ್ರೆ ಹೇಳು, ಬತಾಇಯೇ ಅಂದ್ರೆ ಹೇಳಿ. ವಾರ್ಡಲ್ಲಿ ಕೊನೇದು ಮಾತ್ರ. ಎರಡನೇ ಸಲವೂ "ಕುಛ್ ನಹೀಂ" ಬಂದ್ರೆ ನಿಲ್ಲಿಸಿ. ಆದ್ರೆ ಮುಖ ಬಿಳುಚಿದ್ರೆ, ಬಟ್ಟೆ ನೆನೆದಿದ್ರೆ, ಮಾತಿಗೆ ಕಾಯ್ಬೇಡಿ, ನಾಡಿ ನೋಡಿ, ಹೊದಿಕೆ ಎತ್ತಿ ರಕ್ತ ನೋಡಿ.

ಮಗು ಕಳ್ಕೊಂಡವರ ಹತ್ರ ಪ್ರಶ್ನೆಯೇ ಬೇಡ. ನೆಂಟರು ಬಂದವರೆಲ್ಲ "ಕೈಸೇ ಹುವಾ?", ಹೇಗಾಯ್ತು ಅಂತ ಕೇಳ್ತಾರೆ, ಸಾವಿನ ಮನೇಲಿ ಅಲ್ಲೂ ಅದೇ ವಾಡಿಕೆ. ಅವಳು ಅಷ್ಟು ಜನಕ್ಕೂ ಅದನ್ನೇ ಹೇಳ್ಬೇಕು. ನೀವು ಕೇಳ್ಬೇಡಿ, ಕೇಸ್ ಶೀಟಲ್ಲಿ ಇದ್ದೇ ಇರತ್ತೆ. ಹೋಗೋಕೆ ಮುಂಚೆ ಓದ್ಕೊಂಡು ಹೋಗಿ. ಹತ್ರ ಕೂತು "ಮೈಂ ಯಹೀಂ ಹೂಂ" ಅನ್ನಿ, ನಾನಿಲ್ಲೇ ಇದ್ದೀನಿ ಅಂತ. ಸ್ವಲ್ಪ ಹೊತ್ತು ಬಿಟ್ಟು "ಪಾನೀ ದೂಂ?", ನೀರು ಕೊಡ್ಲಾ ಅಂತ.

ಗುಂಬಜ್:
ಲಖನೌದಾಗ ನಾನು ಅನ್ನೋಕ "ಹಮ್" ಅಂತಾರ. "ಹಮ್ ಯಹೀಂ ಹೈಂ", "ಪಾನೀ ಲೇ ಆಏಂ?" ಅಂದ್ರ ಅವರ ಕಿವಿಗೆ ಮನಿಯವರ ಮಾತಿನಂಗ ಕೇಳಸ್ತದ.