ನೂರು ಟನ್ ಡಂಪರ್ ತಡೆಯೋ ಮಣ್ಣುರಸ್ತೆ, ಟಿಪ್ಪರಿಗೆ ಕುಸಿಯೋ ರಸ್ತೆ

ಪ್ರಶ್ನೆ (ಕ್ವಾರಿ ಸೂಪರ್‌ವೈಸರ್, ತೀರ್ಥಹಳ್ಳಿ ಕಡೆ): ಸಿಂಗರೇಣಿ ಕಲ್ಲಿದ್ದಲು ಗಣಿಯಲ್ಲಿ 100 ಟನ್ ಡಂಪರುಗಳು ಡಾಂಬರಿಲ್ಲದ ರಸ್ತೆಯಲ್ಲೇ ಓಡುತ್ತವೆ. ನಮ್ಮ ಕ್ವಾರಿಯಿಂದ ಕ್ರಷರಿಗೆ ಬರೀ 900 ಮೀಟರ್, 10 ಚಕ್ರದ ಟಿಪ್ಪರ್. ಜುಲೈ ಬಂದರೆ ಮೊಣಕಾಲುದ್ದ ಕೆಸರು. ಪ್ರತಿ ವರ್ಷ ಲೋಡುಗಟ್ಟಲೆ ಡಸ್ಟ್ (ಕ್ರಷರಿನ ಕಲ್ಲುಪುಡಿ) ಸುರಿದರೂ ನಿಲ್ಲಲ್ಲ. ಏನು ತಪ್ಪು ಸಾರ್?

ಉತ್ತರ (ಗಣಿ ಎಂಜಿನಿಯರ್): ಡಸ್ಟೇ ತಪ್ಪು. ಅದರಲ್ಲಿ ಅಂಟು ಇಲ್ಲ, ಮಲೆನಾಡಿನ ಮಳೆಗೆ ಎರಡು ದಿನದಲ್ಲಿ ಚರಂಡಿ ಸೇರುತ್ತೆ.

ಡಂಪರ್ ಲೆಕ್ಕಕ್ಕೆ ಬನ್ನಿ. ಟೈರಿನ ಗಾಳಿ ಎರಡು ಗಾಡಿಯಲ್ಲೂ 100 ಪಿಎಸ್‌ಐ ಆಸುಪಾಸು. ಹಾಗಾಗಿ ಮೇಲ್ಪದರದ ಮೇಲೆ ಬೀಳೋ ಒತ್ತಡ ಹೆಚ್ಚುಕಡಿಮೆ ಒಂದೇ, ಚದರ ಸೆಂ.ಮೀ.ಗೆ ಸುಮಾರು 7 ಕೆ.ಜಿ. ವ್ಯತ್ಯಾಸ ಇರೋದು ಆಳದಲ್ಲಿ. 28 ಟನ್ನಿನ ಟಿಪ್ಪರಿನ ಹಿಂದಿನ ಒಂದೊಂದು ಟೈರಿಗೆ ಸುಮಾರು 2.6 ಟನ್, ಲೋಡು ಸೇರಿ 160 ಟನ್ ತೂಗೋ ಡಂಪರಿಗೆ 27 ಟನ್. ಭಾರ ಹತ್ತು ಪಟ್ಟಾದರೆ ಟೈರು ನೆಲಕ್ಕೆ ಊರೋ ಅಗಲ ಮೂರು ಪಟ್ಟು, ಒತ್ತಡ ಇಳಿಯೋ ಆಳವೂ ಮೂರು ಪಟ್ಟು. ಅದಕ್ಕೇ ಅಲ್ಲಿ ರಸ್ತೆಯನ್ನು ಒಂದು–ಒಂದೂವರೆ ಮೀಟರ್ ದಪ್ಪ ಕಟ್ಟುತ್ತಾರೆ. ನಿಮಗೆ 45ರಿಂದ 60 ಸೆಂ.ಮೀ. ಸಾಕು. ಆದರೆ ಮೇಲ್ಪದರ ಮಾತ್ರ ಅಷ್ಟೇ ಗಟ್ಟಿ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಮೊದಲು ಕೆಸರಾದ ಮಣ್ಣನ್ನು ಗಟ್ಟಿ ನೆಲ ಸಿಗೋವರೆಗೆ ತೆಗೆಸಿ. ಅದರ ಮೇಲೆ ಕ್ವಾರಿಯ ದಪ್ಪ ಕಲ್ಲು. ಒಂದು ಪದರಕ್ಕೆ ಹಾಕೋ ಕಲ್ಲು ಪದರದ ದಪ್ಪದ ಮೂರರಲ್ಲಿ ಎರಡು ಪಾಲು ಮೀರಬಾರದು. ಮೀರಿದರೆ ರೋಲರ್ ಆ ಕಲ್ಲಿನ ನೆತ್ತಿ ಮೇಲೆ ಓಡುತ್ತೆ, ಪಕ್ಕದ ಮಣ್ಣು ಪೊಳ್ಳಾಗೇ ಉಳಿಯುತ್ತೆ. ಮೇಲಿನ 15–20 ಸೆಂ.ಮೀ.ಗೆ 40 ಎಂ.ಎಂ. ಒಳಗಿನ ಜಲ್ಲಿ, ಡಸ್ಟ್ ಎರಡೂ ಸೇರಿ ನಾಲ್ಕು ಪಾಲು, ಅಂಟಿಗೆ ಜಂಬಿಟ್ಟಿಗೆಯ ಮೊರಂ (ಹರಳು ಬೆರೆತ ಕೆಂಪು ಮಣ್ಣು) ಒಂದು ಪಾಲು. ಮೊರಂ ಜಾಸ್ತಿಯಾದರೆ ಮಳೆಯಲ್ಲಿ ಟೈರು ಜಾರುತ್ತೆ.

ಮರುಪ್ರಶ್ನೆ: ರೋಲರ್ ಎಷ್ಟು ಸಲ ಓಡಿಸಬೇಕು? ನೀರು ಎಷ್ಟು?

ಉತ್ತರ: ನೀರಿನ ಹದ ಮೊದಲು, ರೋಲರ್ ಆಮೇಲೆ. 9 ಮೀಟರ್ ಅಗಲ, 100 ಮೀಟರ್ ಉದ್ದ, 20 ಸೆಂ.ಮೀ. ದಪ್ಪ ಅಂದರೆ 180 ಘನ ಮೀಟರ್, ಸುಮಾರು 340 ಟನ್. ಎಷ್ಟು ತೇವದಲ್ಲಿ ಮಣ್ಣು ಅತಿ ಗಟ್ಟಿಯಾಗುತ್ತೆ ಅಂತ ಲ್ಯಾಬಿನಲ್ಲಿ ಕುಟ್ಟಿ ನೋಡೋ ಪ್ರಾಕ್ಟರ್ ಪರೀಕ್ಷೆಯಲ್ಲಿ 10% ತೇವ ಬೇಕು ಅಂತ ಬಂದು, ಮಣ್ಣಲ್ಲಿ 7% ಇದ್ದರೆ, 3% ಕೊರತೆ: 10 ಸಾವಿರ ಲೀಟರ್, 5 ಸಾವಿರದ ಟ್ಯಾಂಕರ್ ಎರಡು. ಬಿಸಿಲಿಗೆ ಆರಿಹೋಗೋದಕ್ಕೆ ಸ್ವಲ್ಪ ಮೇಲೆ ಹಿಡಿಯಿರಿ. ನೀರು ಹಾಕಿ ಮಗುಚಿ ಬೆರೆಸಬೇಕು. ಬರೀ ಮೇಲೆ ಚಿಮುಕಿಸಿದರೆ ಹಪ್ಪಳದಂತೆ ಮೇಲಷ್ಟೇ ಗಟ್ಟಿ.

10–12 ಟನ್ ವೈಬ್ರೋ ರೋಲರಿಗೆ ಬಿಡಿ ಮಣ್ಣು 25 ಸೆಂ.ಮೀ. ಮೀರದಂತೆ ಹರಡಿ. ಮೊದಲ ಸುತ್ತು ವೈಬ್ರೇಷನ್ ಇಲ್ಲದೆ, ಆಮೇಲೆ ವೈಬ್ರೇಷನ್ ಹಾಕಿ ಆರೆಂಟು ಸುತ್ತು, ನಡಿಗೆಯ ವೇಗದಲ್ಲಿ, ಅಂಚಿನಿಂದ ನಡುವಿಗೆ. ಕೊನೆಯ ಸುತ್ತು ಮತ್ತೆ ವೈಬ್ರೇಷನ್ ಇಲ್ಲದೆ. ಜಂಬಿಟ್ಟಿಗೆ ಮೆದು ಕಲ್ಲು, ಅತಿಯಾಗಿ ಉರುಳಿಸಿದರೆ ಹುಡಿಯಾಗುತ್ತೆ. ಪದರದಲ್ಲಿ ಗುಂಡಿ ತೋಡಿ, ಮರಳು ತುಂಬಿ ಸಾಂದ್ರತೆ ಅಳೆಯೋ ಪರೀಕ್ಷೆಯಲ್ಲಿ, ಪ್ರಾಕ್ಟರ್ ಪರೀಕ್ಷೆಯ ಗರಿಷ್ಠ ಸಾಂದ್ರತೆಯ 95%ಕ್ಕಿಂತ ಕಡಿಮೆ ಬಂದರೆ ಆ ಪದರ ಒಪ್ಪಬೇಡಿ. ಲ್ಯಾಬ್ ದೂರವಾದರೆ, ತುಂಬಿದ ಟಿಪ್ಪರನ್ನು ನಿಧಾನ ಓಡಿಸಿ ಪಕ್ಕದಲ್ಲೇ ನಡೆಯಿರಿ. ಟೈರಿನ ಮುಂದೆ ನೆಲ ಅಲೆಯಂತೆ ಎದ್ದರೆ ಒಳಗೆ ನೀರಿದೆ. ಅಲ್ಲಿ ಇನ್ನಷ್ಟು ರೋಲಿಂಗ್ ಮಾಡಬೇಡಿ ಮಾರಾಯ್ರೆ, ಅಡಿಯ ನೀರು ಇನ್ನೂ ಮೇಲೆ ಬರುತ್ತೆ. ಅಗೆದು ಆರಿಸಿ, ಇಲ್ಲ ಹೊಸ ಮಣ್ಣು ಹಾಕಿ.

ಇನ್ನೊಬ್ಬರು (ಟಿಪ್ಪರ್ ಮೆಕ್ಯಾನಿಕ್, ಶಿವಮೊಗ್ಗ): ಡೀಸೆಲ್ ಲೆಕ್ಕವನ್ನೂ ನೋಡಿ. ಟೈರು 5 ಸೆಂ.ಮೀ. ಹೂತರೆ ಸುಮಾರು 3% ಏರು ಹತ್ತಿದಷ್ಟು ಎಳೆತ ಹೆಚ್ಚು. 28 ಟನ್ನಿಗೆ ಅದು 840 ಕೆ.ಜಿ. ನಿಮ್ಮ ರಸ್ತೆ 16ಕ್ಕೆ 1ರ ಏರಿದ್ದರೆ, ಹೂತಾಗ ಬಂಡಿಗೆ ಅದು 11ಕ್ಕೆ 1. ಕ್ಲಚ್ ಪ್ಲೇಟು ಸುಡೋದು ಅಲ್ಲೇ.

ಮರುಪ್ರಶ್ನೆ: ಕಣಿವೆ ಬದಿಗೆ ಮಣ್ಣಿನ ಬದು ಹಾಕಿದ್ದೀವಿ. ನೀರು ರಸ್ತೆಯಲ್ಲೇ ನಿಲ್ಲುತ್ತೆ.

ಉತ್ತರ: ಬದು ತೆಗೆಯಬೇಡಿ. ಟೈರಿನಷ್ಟು ಎತ್ತರ, ಅಂದರೆ ಒಂದು ಮೀಟರಿಗೆ ಕಡಿಮೆಯಿಲ್ಲದೆ ಅದು ಇರಲೇಬೇಕು. ರಸ್ತೆಯನ್ನು ಗುಡ್ಡದ ಕಡೆಗೆ 3% ವಾಲಿಸಿ, ಅಲ್ಲಿ ಅರ್ಧ ಮೀಟರ್ ಆಳದ ಚರಂಡಿ ತೆಗೆದು, ತಗ್ಗು ಸಿಕ್ಕಲ್ಲಿ ಹ್ಯೂಮ್ ಪೈಪಿನ (ಕಾಂಕ್ರೀಟ್ ಕೊಳವೆಯ) ಮೋರಿ ಹಾಕಿ ನೀರನ್ನು ರಸ್ತೆಯಡಿಯಿಂದ ಆಚೆ ಬಿಡಿ. ಮೋರಿಯ ಬಾಯಿಗೆ ಕಲ್ಲು ಜೋಡಿಸದಿದ್ದರೆ ಬದುವಿನ ಬುಡವೇ ಕೊರೆದುಹೋಗುತ್ತೆ. ಗುಡ್ಡದ ನೀರು ಚರಂಡಿಗೇ ಬೀಳದಂತೆ ಮೇಲ್ಗಡೆ ಇನ್ನೊಂದು ಕಾಲುವೆ ಬೇಕು. ಜೆಸಿಬಿ ಬಕೆಟ್ಟಿನಲ್ಲಿ ಈ ವಾಲು ಸರಿಯಾಗಿ ಬರಲ್ಲ, ಒಂದು ದಿನಕ್ಕಾದರೂ ಗ್ರೇಡರ್ (ಉದ್ದ ಅಲಗಿನಿಂದ ರಸ್ತೆ ಹೆರೆಯೋ ಯಂತ್ರ) ಬಾಡಿಗೆಗೆ ತನ್ನಿ.

ಮರುಪ್ರಶ್ನೆ: ಈಗಾಗಲೇ ಮಳೆ ಹಿಡಿದಿದೆ. ಈ ವರ್ಷಕ್ಕೆ ಏನು ಮಾಡೋದು?

ಉತ್ತರ: ಈಗ ರೋಲರ್ ಬೇಡ. ಚರಂಡಿ ಬಿಡಿಸಿ, ಗುಂಡಿಯ ಕೆಸರು ಬಾಚಿ ತೆಗೆದು ಬರೀ ದಪ್ಪ ಜಲ್ಲಿ ತುಂಬಿ, ಲೋಡು ಕಡಿಮೆ ಮಾಡಿ ಓಡಿಸಿ. ಮೇಲೆ ಹೇಳಿದ ಕೆಲಸವನ್ನೆಲ್ಲ ಜನವರಿಯಲ್ಲಿ ಶುರುಮಾಡಿ ಏಪ್ರಿಲ್ ಒಳಗೆ ಮುಗಿಸಿ. ಮೇ ಮಳೆ ನಂಬೋ ಹಾಗಿಲ್ಲ.