ಮ್ಯಾಗ್ನೆಟ್ಟಿನ ತೂಕ

ಗುಂಪಿನ ಅಡ್ಮಿನ್ ಆಗಿರುವ ದೊಡ್ಡಪ್ಪ ಅರ್ಧಂಬರ್ಧ ವಾಕ್ಯಗಳನ್ನು ಸಹಿಸುವುದಿಲ್ಲವಾದ್ದರಿಂದ ನಮ್ಮ ಮನೆಯವರ ಜಗಳವೂ ವ್ಯಾಕರಣಬದ್ಧವಾಗಿಯೇ ನಡೆಯುತ್ತದೆ. ಕಳೆದ ಭಾನುವಾರದ್ದನ್ನು ಇದ್ದ ಹಾಗೆಯೇ ಇಳಿಸಿದ್ದೇನೆ. ಮಾತೆಲ್ಲ ಸ್ಪೀಕರ್ ಪೆಟ್ಟಿಗೆಯೊಳಗಿನ ಡ್ರೈವರ್ ಬಗ್ಗೆ, ಅಂದರೆ ಮ್ಯಾಗ್ನೆಟ್ಟಿನ ಬಲದಿಂದ ಕೋನನ್ನು ಅಲುಗಿಸಿ ಸದ್ದು ಹೊರಡಿಸುವ ಭಾಗದ ಬಗ್ಗೆ.

ಚಿಕ್ಕಪ್ಪ (ಫಾರ್ವರ್ಡ್): ಮನೆಯಲ್ಲಿಯೇ ಸ್ಪೀಕರ್ ಕಟ್ಟುವವರ ಗಮನಕ್ಕೆ! ಮ್ಯಾಗ್ನೆಟ್ ಭಾರವಾದಷ್ಟೂ ಬೇಸ್ ಆಳವಾಗುತ್ತದೆ. ಕಾಗದದ ಕೋನಿನ ಕಾಲ ಮುಗಿಯಿತು; ಲೋಹದ ಕೋನ್ ಇಲ್ಲದ ಡ್ರೈವರ್ ಕೊಳ್ಳಲೇಬೇಡಿ. ಎಲ್ಲರಿಗೂ ಹಂಚಿ.

ಚಿಕ್ಕಪ್ಪ: ಯಾರನ್ನೂ ಉದ್ದೇಶಿಸಿ ಹಾಕಿದ್ದಲ್ಲ. ಆದರೂ ಅಳಿಯಂದಿರು ನನಗೆ ಆರಿಸಿಕೊಟ್ಟ ಡ್ರೈವರ್ ಜೋಡಿಯಲ್ಲಿ ಅಂಗೈಯಗಲವಷ್ಟೇ ಇರುವ ಮ್ಯಾಗ್ನೆಟ್ಟೂ ಕಾಗದದ ಕೋನೂ ಇರುವುದು ನೆನಪಾಯಿತು.

ಅಕ್ಕ: ಚಿಕ್ಕಪ್ಪ, ಇದನ್ನು ಬರೆದವರು ಯಾರು, ಯಾವ ಎರಡು ಡ್ರೈವರ್‌ಗಳನ್ನು ಅಳೆದು ನೋಡಿ ಬರೆದರು ಎಂಬುದನ್ನು ಮೊದಲು ತಿಳಿಸಿ. ಇದರಲ್ಲಿ ಹುಡುಕಿದರೂ ಒಂದು ಅಂಕಿ ಇಲ್ಲ.

ಚಿಕ್ಕಪ್ಪ: ನನಗೆ ಬಂದದ್ದನ್ನು ಹಾಕಿದೆ. ಸ್ಪೀಕರ್ ತಂತಿಯ ವಿಷಯ ಹಾಕಿದಾಗಲೂ ನೀನು ಹೀಗೆಯೇ ಕೇಳಿದ್ದೆ.

ಅಕ್ಕ: ಆಗಲೂ ಉತ್ತರ ಬರಲಿಲ್ಲ.

ದೊಡ್ಡಪ್ಪ: ಹಿರಿಯರನ್ನು ಪ್ರಶ್ನಿಸುವಾಗ ಮಾತು ಮೆತ್ತಗಿರಬೇಕು. ಹಾಗೆಯೇ, ಏಕೆ ಎಂದು ಹೇಳದೆ "ಕೊಳ್ಳಲೇಬೇಡಿ" ಎಂದು ಅಪ್ಪಣೆ ಕೊಡುವ ಬರಹವನ್ನು ಹಿರಿಯರಾದವರು ಹಂಚಲೂಬಾರದು.

ನಾನು: ಮ್ಯಾಗ್ನೆಟ್ಟಿನ ಮಾತು ಬಹುಮಟ್ಟಿಗೆ ತಲೆಕೆಳಗಾಗಿದೆ. ಉಳಿದುದೆಲ್ಲ ಹಾಗೆಯೇ ಇದ್ದು ಕಾಂತಬಲವಷ್ಟೇ ಹೆಚ್ಚಿದರೆ ನಡುದನಿ ಜೋರಾಗುತ್ತದೆ, ಆದರೆ ಅನುರಣನದ (ಕೋನ್ ತಾನಾಗಿಯೇ ಹೆಚ್ಚು ಕಂಪಿಸುವ ಆವರ್ತನದ) ಆಸುಪಾಸಿನಲ್ಲಿ ಅದೇ ಬಲ ಕೋನನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಕ್ಯೂಟಿಎಸ್, ಅಂದರೆ ಆ ಕಂಪನ ಎಷ್ಟು ಸಡಿಲವಾಗಿದೆ ಎಂಬುದರ ಅಂಕಿ, ಇಳಿದು, ಅದೇ ಮುಚ್ಚಿದ ಪೆಟ್ಟಿಗೆಯಲ್ಲಿ ಬೇಸ್ ನಡುದನಿಗಿಂತ ಹಿಂದೆ ಬೀಳುತ್ತದೆ. ಎಂಜಿನಿಯರುಗಳಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಇದನ್ನೆಲ್ಲ ಲೆಕ್ಕಕ್ಕೆ ತಂದರು. ಡ್ರೈವರ್ ಹೋಲಿಸುವವರು ತಕ್ಕಡಿಯನ್ನು ಬಿಟ್ಟು ಮಾಹಿತಿ ಹಾಳೆಯಲ್ಲಿ ಅನುರಣನದ ಆವರ್ತನವಾದ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ (ಕೋನನ್ನು ಹಿಡಿದಿರುವ ಕಟ್ಟಿನಷ್ಟೇ ಸ್ಪ್ರಿಂಗಿನ ಗುಣವಿರುವ ಗಾಳಿಯ ಗಾತ್ರ) ನೋಡಬೇಕು.

ಅತ್ತೆಯ ಮಗ: ಕಾಗದದ ಕೋನ್ ಎಂದಾಕ್ಷಣ ತಾತನ ವಾಲ್ವ್ ರೇಡಿಯೋ ಕಣ್ಮುಂದೆ ಬಂತು. ಹಿಂಬದಿಯ ರಟ್ಟಿನ ತೂತುಗಳಿಂದ ಕಾದ ಧೂಳಿನ ವಾಸನೆ ಬರುತ್ತಿತ್ತು. ಕೋನ್ ಹರಿದ ಕಡೆ ತಾತ ಅಂಟಿಸಿದ್ದ ತೆಳು ಕಾಗದದ ತೇಪೆ ದಪ್ಪ ಸ್ವರ ಬಂದಾಗಲೆಲ್ಲ ಜಿರ್ರೆನ್ನುತ್ತಿತ್ತು.

ಚಿಕ್ಕಪ್ಪ: ಆ ರೇಡಿಯೋ ಯಾರಿಗೆ ಸೇರಬೇಕಾಗಿತ್ತು ಎಂಬ ವಿಷಯವನ್ನು ನಾನು ಇಲ್ಲಿ ಎತ್ತುವುದಿಲ್ಲ.

ಅಕ್ಕ: ಎತ್ತಿಯಾಯಿತು, ಚಿಕ್ಕಪ್ಪ.

ನಾನು: ಕೋನಿಗೇ ಮರಳೋಣ. ಲೋಹದ ಕೋನ್ ಕೆಳಗಿನ ಸ್ವರಗಳಲ್ಲಿ ಬಾಗದೆ ಒಂದೇ ತುಂಡಾಗಿ ಚಲಿಸುತ್ತದೆ, ಒಪ್ಪೋಣ. ಆದರೆ ಆರೂವರೆ ಇಂಚಿನ ಡ್ರೈವರ್‌ನಲ್ಲಿ ಕೆಲವು ಸಾವಿರ ಹರ್ಟ್ಜ್ ದಾಟಿದ ಮೇಲೆ ಅದು ಗಂಟೆ ಬಾರಿಸಿದಂತೆ ಅನುರಣಿಸುತ್ತದೆ, ಆ ಶಿಖರವನ್ನು ಕ್ರಾಸೋವರ್ (ಸ್ವರಗಳನ್ನು ಬೇರೆ ಬೇರೆ ಡ್ರೈವರ್‌ಗಳಿಗೆ ಹಂಚುವ ಸರ್ಕ್ಯೂಟ್) ಅಡಗಿಸದಿದ್ದರೆ ಕಿವಿ ದಣಿಯುತ್ತದೆ. ಒಳ್ಳೆಯ ಕಾಗದವಾದರೋ ತನ್ನ ಕಂಪನವನ್ನು ಬಹುಪಾಲು ತಾನೇ ನುಂಗಿಕೊಳ್ಳುತ್ತದೆ. ಹೋಲಿಸಿ ಕೇಳುವಾಗ ಎರಡರ ಧ್ವನಿಮಟ್ಟವನ್ನೂ ಸಮ ಮಾಡಿಕೊಳ್ಳಬೇಕು, ಏಕೆಂದರೆ ತುಸು ಜೋರಾಗಿರುವುದೇ ಚೆನ್ನಾಗಿದೆ ಎನ್ನಿಸಿಬಿಡುತ್ತದೆ. 2.83 ವೋಲ್ಟ್ ಕೊಟ್ಟು ಅಳೆದ ಧ್ವನಿಮಟ್ಟದ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 8 ಓಮ್ ಡ್ರೈವರ್ ಅದರಿಂದ 1 ವಾಟ್ ಪಡೆದರೆ 4 ಓಮ್‌ನದು 2 ವಾಟ್ ಪಡೆದು 3 ಡೆಸಿಬೆಲ್ ಮುಂದಿರುವಂತೆ ಕಾಣುತ್ತದೆ.

ಚಿಕ್ಕಪ್ಪ: ಇಷ್ಟು ಉದ್ದದ್ದನ್ನು ಯಾರು ಓದುತ್ತಾರೆ? ನನ್ನ ಜೋಡಿ ಏಕೆ ಗುಂಯ್‌ಗುಡುತ್ತದೆ ಎಂಬುದನ್ನು ಹೇಳಿದರೆ ಸಾಕು.

ಭಾವ: ಮಾವನವರೇ, ಆ ಡ್ರೈವರ್‌ನ ಅನುರಣನ 40 ಹರ್ಟ್ಜ್, ಕ್ಯೂಟಿಎಸ್ 0.5, ವಿಎಎಸ್ 30 ಲೀಟರ್. 30 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಅನುರಣನ 57 ಹರ್ಟ್ಜ್‌ಗೆ ಏರಿ, ಪೆಟ್ಟಿಗೆಯನ್ನೂ ಸೇರಿಸಿದ ಒಟ್ಟು ಕ್ಯೂ 0.7ರಲ್ಲಿ ಹಿತವಾಗಿ ನಿಲ್ಲುತ್ತಿತ್ತು. ಕಪಾಟಿನಲ್ಲಿ ಹಿಡಿಸಬೇಕೆಂದು ಪೆಟ್ಟಿಗೆಯನ್ನು ತಾವೇ ಬೇರೆ ಅಳತೆಗೆ ಮಾಡಿಸಿದಿರಿ. ಆ ಅಳತೆಯನ್ನು ಹಾಕುವಿರಾ?

ಚಿಕ್ಕಪ್ಪ: 30, 22, 25 ಸೆಂಟಿಮೀಟರ್. ಗುಣಿಸಿದರೆ ಹದಿನಾರೂವರೆ ಲೀಟರ್. ಕೊಂಚ ಕಡಿಮೆಯಾದರೂ ನಡೆಯುತ್ತದೆ ಎಂದವರು ನೀವೇ.

ಭಾವ: ಅದು ಹೊರಗಿನ ಅಳತೆ. ಹಲಗೆ 18 ಮಿಲಿಮೀಟರ್ ದಪ್ಪವಿದೆ, ಪ್ರತಿಯೊಂದರಲ್ಲೂ 3.6 ಸೆಂಟಿಮೀಟರ್ ಕಳೆದರೆ ಒಳಗೆ ಉಳಿಯುವುದು 10.4 ಲೀಟರ್, ಅದರಲ್ಲಿಯೂ ಡ್ರೈವರ್ ತಾನು ಕೂರುವ ಜಾಗವನ್ನು ತಿನ್ನುತ್ತದೆ. 10 ಲೀಟರಿನಲ್ಲಿ ಅನುರಣನ 80 ಹರ್ಟ್ಜ್‌ಗೂ ಕ್ಯೂ 1ಕ್ಕೂ ಏರುತ್ತವೆ. ತಮಗೆ ಕೇಳಿಸುತ್ತಿರುವುದು ಅಲ್ಲಿಯ ಉಬ್ಬು. ಇಷ್ಟು ಚಿಕ್ಕ ಪೆಟ್ಟಿಗೆಯೇ ಬೇಕೆಂದು ಮೊದಲೇ ತಿಳಿದಿದ್ದರೆ ಬಲವಾದ ಮ್ಯಾಗ್ನೆಟ್ಟಿನ ಡ್ರೈವರನ್ನೇ ಆರಿಸುತ್ತಿದ್ದೆ. ಗುಂಯ್‌ಗುಡುವುದು ಅಡಗುತ್ತಿತ್ತು, ಆದರೆ ಬೇಸ್ ಆಳವಾಗುತ್ತಿರಲಿಲ್ಲ.

ಚಿಕ್ಕಪ್ಪ: ಅಂದರೆ ನಾನು ಬೆಳಿಗ್ಗೆ ಹಾಕಿದ್ದು ಸರಿ ಎಂದು ಅಳಿಯಂದಿರೇ ಒಪ್ಪಿಕೊಂಡಂತಾಯಿತು.